ಆರ್‌ಎನ್‌ಎ ತುದಿಗಳು: ಕ್ಯಾಪ್, ಬಾಲ, ಕತ್ತರಿ – ಪದೇ ಪದೇ ಕೇಳುವ ಪ್ರಶ್ನೆಗಳು

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಈ ವಿಷಯಕ್ಕೆ ಸಿಗುವುದು ಎರಡು ಮೂರು ಸಾಲು. ಹೊಸ ಆರ್‌ಎನ್‌ಎಯ ಒಂದು ತುದಿಗೆ ಮೀಥೈಲ್ ಗ್ವಾನೋಸಿನ್ ಕ್ಯಾಪ್, ಇನ್ನೊಂದು ತುದಿಗೆ 200ರಿಂದ 300 ಅಡೆನಿನ್‌ಗಳ ಬಾಲ, ಅಲ್ಲಿಗೆ ಮುಗಿಯಿತು. ಓದಿದವರಿಗೆ ಇದು ಕೊನೆಯಲ್ಲಿ ಮಾಡುವ ಅಲಂಕಾರ ಅನಿಸುತ್ತದೆ. ಆದರೆ ಒಂದು ಆರ್‌ಎನ್‌ಎ ಎಷ್ಟು ಹೊತ್ತು ಉಳಿಯಬೇಕು, ನ್ಯೂಕ್ಲಿಯಸ್ ಬಿಟ್ಟು ಹೊರಗೆ ಹೋಗಬೇಕಾ, ಅದರಿಂದ ಪ್ರೋಟೀನ್ ಆಗಬೇಕಾ, ಇದನ್ನೆಲ್ಲ ಬಹುಮಟ್ಟಿಗೆ ತೀರ್ಮಾನಿಸುವುದು ಈ ತುದಿಗಳೇ. ವಿದ್ಯಾರ್ಥಿಗಳು, ಲ್ಯಾಬಿಗೆ ಹೊಸದಾಗಿ ಸೇರಿದವರು, ಲಸಿಕೆಯ ಸುದ್ದಿ ಓದಿ ಕುತೂಹಲ ಹುಟ್ಟಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

5 ಪ್ರೈಮ್ ತುದಿ, 3 ಪ್ರೈಮ್ ತುದಿ ಅಂದರೆ ಏನು?

ಆರ್‌ಎನ್‌ಎಯ ಪ್ರತಿ ಅಕ್ಷರದಲ್ಲೂ (ಎ, ಯು, ಜಿ, ಸಿ ಎಂಬ ನಾಲ್ಕು ಘಟಕಗಳಲ್ಲಿ ಒಂದು) ಒಂದು ರೈಬೋಸ್ ಸಕ್ಕರೆ ಇರುತ್ತದೆ. ಆ ಸಕ್ಕರೆಯ ಕಾರ್ಬನ್‌ಗಳಿಗೆ 1ರಿಂದ 5ರವರೆಗೆ ನಂಬರ್ ಇದೆ. ಒಂದು ಸಕ್ಕರೆಯ 3ನೇ ಕಾರ್ಬನ್, ಮುಂದಿನ ಸಕ್ಕರೆಯ 5ನೇ ಕಾರ್ಬನ್, ಇವೆರಡರ ನಡುವೆ ಒಂದು ಫಾಸ್ಫೇಟ್ ಕೊಂಡಿ. ಹೀಗೆ ಸರಪಳಿ ಬೆಳೆಯುತ್ತದೆ. ಹಾಗಾಗಿ ಒಂದು ಕೊನೆಯಲ್ಲಿ 5ನೇ ಕಾರ್ಬನ್ ಉಳಿಯುತ್ತದೆ, ಇನ್ನೊಂದು ಕೊನೆಯಲ್ಲಿ 3ನೇದು. ಡಿಎನ್‌ಎ ನೋಡಿ ಆರ್‌ಎನ್‌ಎ ಬರೆಯುವ ಕಿಣ್ವವೇ ಪಾಲಿಮರೇಸ್. ಅದು ಹೊಸ ಅಕ್ಷರ ಸೇರಿಸುವುದು ಯಾವಾಗಲೂ 3 ಪ್ರೈಮ್ ಕಡೆಗೇ. ಅಂದರೆ 5 ಪ್ರೈಮ್ ಮೊದಲು ಹುಟ್ಟಿದ ತುದಿ, 3 ಪ್ರೈಮ್ ಕೊನೆಗೆ ಬರುವ ತುದಿ. ಹುಟ್ಟಿದಾಗ 5 ಪ್ರೈಮ್ ತುದಿಯಲ್ಲಿ ಮೂರು ಫಾಸ್ಫೇಟ್ ಇರುತ್ತವೆ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ತುದಿಗಳನ್ನು ಹಾಗೇ ಬಿಟ್ಟರೆ ಏನಾಗುತ್ತದೆ?

ಆರ್‌ಎನ್‌ಎ ಉಳಿಯುವುದಿಲ್ಲ. ಜೀವಕೋಶದ ತುಂಬ ಆರ್‌ಎನ್‌ಎಯನ್ನು ತುದಿಯಿಂದ ತಿನ್ನುವ ಕಿಣ್ವಗಳಿವೆ. ಎಕ್ಸ್‌ಆರ್‌ಎನ್1 ಎಂಬುದು 5 ಪ್ರೈಮ್ ಕಡೆಯಿಂದ ಶುರು ಮಾಡುತ್ತದೆ. ಎಕ್ಸೋಸೋಮ್ ಎಂಬ ದೊಡ್ಡ ಯಂತ್ರ 3 ಪ್ರೈಮ್ ಕಡೆಯಿಂದ. ಮಗ್ಗದಿಂದ ಇಳಿಸಿದ ಸೀರೆಯ ಸೆರಗಿಗೆ ಕುಚ್ಚು ಕಟ್ಟದೆ ಬಿಟ್ಟರೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದಲ್ವಾ, ಹಾಗೆ ಇದೂ ಕೊನೆಯಿಂದ ಸವೆದು ಹೋಗುತ್ತದೆ.

ಇನ್ನೊಂದು ಕಾರಣವೂ ಇದೆ, ಅದನ್ನು ಜಾಸ್ತಿ ಜನ ಹೇಳುವುದಿಲ್ಲ. 5 ಪ್ರೈಮ್ ತುದಿಯ ಆ ಮೂರು ಫಾಸ್ಫೇಟ್ ಸೈಟೋಪ್ಲಾಸಮ್ಮಿನಲ್ಲಿ (ಕೋಶದಲ್ಲಿ ನ್ಯೂಕ್ಲಿಯಸ್ಸಿನ ಹೊರಗಿನ ಭಾಗ) ಬರಿದಾಗಿ ಕಂಡರೆ ಕೋಶ ಅದನ್ನು ವೈರಸ್ ಗುರುತು ಅಂದುಕೊಳ್ಳುತ್ತದೆ. ರಿಗ್-ಐ ಎಂಬ ಪ್ರೋಟೀನ್ ಇಂಥ ತುದಿಯನ್ನು ಹಿಡಿದು, ಇಂಟರ್‌ಫೆರಾನ್ ಎಂಬ ವೈರಸ್ ತಡೆಯುವ ಪ್ರೋಟೀನ್ ತಯಾರಿಸುವ ಎಚ್ಚರಿಕೆ ಕೊಡುತ್ತದೆ. ಇದು ಗೊತ್ತಾದದ್ದು 2006ರಲ್ಲಿ. ಅಂದರೆ ನಮ್ಮದೇ ಆರ್‌ಎನ್‌ಎಗೆ ಕ್ಯಾಪ್ ಇಲ್ಲದಿದ್ದರೆ ನಮ್ಮ ಕೋಶವೇ ಅದನ್ನು ಪರಕೀಯ ಅಂದುಕೊಳ್ಳಬಹುದು.

ಕ್ಯಾಪ್ ಹಾಕುವುದು ಹೇಗೆ?

ಮೂರು ಹೆಜ್ಜೆ. ಮೊದಲು ಒಂದು ಕಿಣ್ವ ಮೂರು ಫಾಸ್ಫೇಟ್‌ನಲ್ಲಿ ಒಂದನ್ನು ತೆಗೆಯುತ್ತದೆ. ಎರಡನೆಯದು ಜಿಟಿಪಿ ಎಂಬ ಅಣುವಿನಿಂದ ಒಂದು ಜಿ ಅಕ್ಷರವನ್ನು ಅದರ ಒಂದು ಫಾಸ್ಫೇಟ್ ಸಮೇತ ತಂದು ಅಂಟಿಸುತ್ತದೆ. ಮೂರನೆಯದು ಆ ಜಿಯ 7ನೇ ಸ್ಥಾನದ ನೈಟ್ರೋಜನ್ನಿಗೆ ಒಂದು ಮೀಥೈಲ್ ಗುಂಪು ಸೇರಿಸುತ್ತದೆ.

ಎರಡನೇ ಹೆಜ್ಜೆಯನ್ನು ಸ್ವಲ್ಪ ಗಮನಿಸಿ. ಆ ಜಿ ಕೂರುವುದು ಉಲ್ಟಾ. ಸರಪಳಿಯ ಉದ್ದಕ್ಕೂ 3ರಿಂದ 5ಕ್ಕೆ ಕೊಂಡಿ ಇದ್ದರೆ, ಇಲ್ಲಿ ಮಾತ್ರ 5ರಿಂದ 5ಕ್ಕೆ, ಅದೂ ನಡುವೆ ಮೂರು ಫಾಸ್ಫೇಟ್ ಇಟ್ಟುಕೊಂಡು. ಇಂಥ ಕೊಂಡಿಯನ್ನು ಸಾಮಾನ್ಯ ಕಿಣ್ವಗಳಿಗೆ ಕಡಿಯಲು ಬರುವುದಿಲ್ಲ. ರಕ್ಷಣೆ ಇರುವುದೇ ಈ ಉಲ್ಟಾತನದಲ್ಲಿ.

ನಮ್ಮಲ್ಲಿ ಮೊದಲ ಎರಡು ಹೆಜ್ಜೆಗಳನ್ನು ಒಂದೇ ಪ್ರೋಟೀನ್ ಮಾಡುತ್ತದೆ. ಯೀಸ್ಟ್‌ನಲ್ಲಿ ಮೂರಕ್ಕೂ ಬೇರೆ ಬೇರೆ ಪ್ರೋಟೀನ್. ಸಿಡುಬಿನ ಲಸಿಕೆಗೆ ಬಳಸುತ್ತಿದ್ದ ವ್ಯಾಕ್ಸೀನಿಯಾ ವೈರಸ್ಸಿನಲ್ಲಿ ಒಂದೇ ಕಿಣ್ವ ಮೂರನ್ನೂ ಮಾಡಿ ಮುಗಿಸುತ್ತದೆ. ಟ್ಯೂಬಿನಲ್ಲಿ ಆರ್‌ಎನ್‌ಎ ತಯಾರಿಸುವವರು ಕ್ಯಾಪ್ ಹಾಕಲು ಇದನ್ನೇ ಬಳಸುವುದು ಅದಕ್ಕೇ.

ಪ್ರಾಣಿಗಳಲ್ಲಿ ಇನ್ನೊಂದು ಹೆಜ್ಜೆ ಇದೆ. ಕ್ಯಾಪ್ ಪಕ್ಕದ ಮೊದಲ ಅಕ್ಷರದ ಸಕ್ಕರೆಗೂ ಒಂದು ಮೀಥೈಲ್ ಬೀಳುತ್ತದೆ. ಇದನ್ನು ಕ್ಯಾಪ್-1 ಅನ್ನುತ್ತಾರೆ, ಅದಿಲ್ಲದಿದ್ದರೆ ಕ್ಯಾಪ್-0. ಐಎಫ್‌ಐಟಿ1 ಎಂಬ ರಕ್ಷಣಾ ಪ್ರೋಟೀನ್ ಕ್ಯಾಪ್-0 ಇರುವ ಆರ್‌ಎನ್‌ಎಯನ್ನು ಹಿಡಿದು ಅದರಿಂದ ಪ್ರೋಟೀನ್ ಆಗದಂತೆ ತಡೆಯುತ್ತದೆ. ಒಂದೇ ಒಂದು ಮೀಥೈಲ್ ಗುಂಪು, ಅದರ ಮೇಲೆ ನಮ್ಮದು ಯಾವುದು ಹೊರಗಿನದು ಯಾವುದು ಎಂಬ ತೀರ್ಮಾನ.

ಆರ್‌ಎನ್‌ಎ ಪೂರ್ತಿ ಆದ ಮೇಲೆ ಕ್ಯಾಪ್ ಹಾಕುತ್ತಾರೆ ಅಂತ ಓದಿದ್ದೆ. ಸರಿನಾ?

ಅಲ್ಲ. ಇದು ತುಂಬ ಹರಡಿರುವ ತಪ್ಪು ತಿಳಿವಳಿಕೆ. ಪುಸ್ತಕದ ಚಿತ್ರದಲ್ಲಿ ಮೊದಲು ಪೂರ್ತಿ ಆರ್‌ಎನ್‌ಎ, ಅದರ ಕೆಳಗೆ ಬಾಣ, ಆಮೇಲೆ ಕ್ಯಾಪ್ ಮತ್ತು ಬಾಲ ಇರುವ ಆರ್‌ಎನ್‌ಎ ಬರೆದಿರುತ್ತಾರೆ. ನೋಡಿದವರಿಗೆ ಹಾಗೇ ಅನಿಸುವುದು ಸಹಜ.

ನಿಜವಾಗಿ ನಡೆಯುವುದು ಹೀಗೆ. ಆರ್‌ಎನ್‌ಎ ಪಾಲಿಮರೇಸ್ 2 ನಕಲು ಮಾಡುತ್ತಾ ಹೋದಾಗ ಹೊಸ ಆರ್‌ಎನ್‌ಎ ಅದರ ಮೈಯೊಳಗಿನ ಒಂದು ಕಿರಿದಾದ ದಾರಿಯಿಂದ ಹೊರಗೆ ಇಣುಕುತ್ತದೆ. ಸುಮಾರು 20ರಿಂದ 30 ಅಕ್ಷರ ಉದ್ದ ಆಗುವಷ್ಟರಲ್ಲೇ ಕ್ಯಾಪ್ ಬೀಳುತ್ತದೆ. ಇನ್ನೂ ಸಾವಿರಾರು ಅಕ್ಷರ ಬರುವುದಿದೆ, ಆದರೂ ಮೊದಲ ತುದಿಯ ಕೆಲಸ ಮುಗಿದಿರುತ್ತದೆ.

ಇಷ್ಟು ಬೇಗ ಹೇಗೆ? ಈ ಪಾಲಿಮರೇಸಿಗೆ ಒಂದು ಉದ್ದನೆಯ ಪ್ರೋಟೀನ್ ಬಾಲ ಇದೆ, ಅದನ್ನು ಸಿಟಿಡಿ ಅನ್ನುತ್ತಾರೆ. ಏಳು ಅಮೈನೋ ಆಮ್ಲಗಳ ಒಂದು ತುಣುಕು ಮನುಷ್ಯರಲ್ಲಿ 52 ಸಲ, ಯೀಸ್ಟ್‌ನಲ್ಲಿ 26 ಸಲ ಅಲ್ಲಿ ಮತ್ತೆ ಮತ್ತೆ ಬರುತ್ತದೆ. ನಕಲು ಶುರುವಾಗುತ್ತಿದ್ದಂತೆ ಪ್ರತಿ ತುಣುಕಿನ 5ನೇ ಸ್ಥಾನದ ಸೆರಿನ್ ಎಂಬ ಅಮೈನೋ ಆಮ್ಲದ ಮೇಲೆ ಫಾಸ್ಫೇಟ್ ಬೀಳುತ್ತದೆ, ಕ್ಯಾಪ್ ಹಾಕುವ ಕಿಣ್ವಗಳು ಬಂದು ಅಲ್ಲೇ ಕೂರುತ್ತವೆ. ಮುಂದೆ ಹೋದಂತೆ 2ನೇ ಸೆರಿನ್ ಮೇಲೆ ಫಾಸ್ಫೇಟ್ ಜಾಸ್ತಿ ಆಗುತ್ತದೆ, ಆಗ ಬಾಲದ ಕೆಲಸದ ಪ್ರೋಟೀನ್‌ಗಳು ಸೇರಿಕೊಳ್ಳುತ್ತವೆ. ಪಾಲಿಮರೇಸ್ ಒಂಟಿಯಾಗಿ ಓಡುವುದಿಲ್ಲ, ಬೇಕಾದವರನ್ನೆಲ್ಲ ಮೈಮೇಲೆ ಕೂರಿಸಿಕೊಂಡೇ ಓಡುತ್ತದೆ.

ಡಿಸ್ಟ್ರೋಫಿನ್ ವಂಶವಾಹಿಯ ಉದಾಹರಣೆ ನೋಡಿ. ಅದು 20 ಲಕ್ಷಕ್ಕೂ ಜಾಸ್ತಿ ಅಕ್ಷರ ಉದ್ದ, ಪೂರ್ತಿ ನಕಲಿಗೆ ಸುಮಾರು 16 ಗಂಟೆ ಬೇಕು. ಕ್ಯಾಪ್ ಮೊದಲ ಕ್ಷಣಗಳಲ್ಲೇ ಬಿದ್ದಿರುತ್ತದೆ. ಅದೇ ಆರ್‌ಎನ್‌ಎಗೆ ಬಾಲ ಸಿಗುವುದು 16 ಗಂಟೆ ಕಳೆದ ಮೇಲೆ.

ಕ್ಯಾಪ್ ಕಂಡುಹಿಡಿದದ್ದು ಯಾರು?

1974–75ರ ಸುಮಾರಿಗೆ ಹಲವು ಗುಂಪುಗಳು ಒಟ್ಟೊಟ್ಟಿಗೆ ಅದರ ಹತ್ತಿರ ಬಂದವು. ಅದರಲ್ಲಿ ಜಪಾನಿನ ಯಸುಹಿರೋ ಫುರುಯಿಚಿ ಅವರ ಕೆಲಸ ನನಗೆ ತುಂಬ ಇಷ್ಟ. ಅವರು ನೋಡುತ್ತಿದ್ದದ್ದು ರೇಷ್ಮೆ ಹುಳುವಿಗೆ ಬರುವ ಒಂದು ವೈರಸ್ಸನ್ನು. ಟ್ಯೂಬಿನಲ್ಲಿ ಆ ವೈರಸ್ ಆರ್‌ಎನ್‌ಎ ಮಾಡುವಾಗ ಮೀಥೈಲ್ ಕೊಡುವ ಒಂದು ರಾಸಾಯನಿಕ ಸೇರಿಸಿದರೆ ಕೆಲಸ ಎಷ್ಟೋ ಪಟ್ಟು ಚುರುಕಾಗುತ್ತಿತ್ತು. ಆರ್‌ಎನ್‌ಎ ತಯಾರಿಗೂ ಮೀಥೈಲಿಗೂ ಏನು ಸಂಬಂಧ ಅಂತ ಹುಡುಕುತ್ತಾ ಹೋದಾಗ ತುದಿಯ ಈ ವಿಚಿತ್ರ ರಚನೆ ಸಿಕ್ಕಿತು. ಅಮೆರಿಕದ ಆರನ್ ಶಾಟ್ಕಿನ್ ಅವರ ಲ್ಯಾಬು ರಿಯೋವೈರಸ್ಸಿನಲ್ಲಿ, ಬರ್ನಾರ್ಡ್ ಮಾಸ್ ಅವರ ಲ್ಯಾಬು ವ್ಯಾಕ್ಸೀನಿಯಾದಲ್ಲಿ ಇದನ್ನೇ ಕಂಡವು. ರಾಮನಗರ, ಶಿಡ್ಲಘಟ್ಟದ ಕಡೆಯ ಓದುಗರಿಗೆ ಹೇಳಬೇಕು: ಈ ಕಥೆಯಲ್ಲಿ ರೇಷ್ಮೆ ಹುಳುವಿನ ಪಾಲು ದೊಡ್ಡದು.

ಕ್ಯಾಪ್‌ನಿಂದ ರಕ್ಷಣೆ ಬಿಟ್ಟರೆ ಬೇರೆ ಉಪಯೋಗ?

ಇದೆ. ನ್ಯೂಕ್ಲಿಯಸ್ಸಿನಲ್ಲಿ ಇರುವಾಗ ಸಿಬಿಪಿ20 ಮತ್ತು ಸಿಬಿಪಿ80 ಎಂಬ ಜೋಡಿ ಅದನ್ನು ಹಿಡಿದುಕೊಳ್ಳುತ್ತದೆ, ಸ್ಪ್ಲೈಸಿಂಗ್‌ಗೆ (ನಡುವಿನ ಬೇಡದ ತುಂಡು ತೆಗೆದು ಉಳಿದದ್ದನ್ನು ಜೋಡಿಸುವುದು), ಹೊರಗೆ ಸಾಗಿಸುವುದಕ್ಕೆ ನೆರವಾಗುತ್ತದೆ. ಸೈಟೋಪ್ಲಾಸಮ್ಮಿಗೆ ಬಂದ ಮೇಲೆ ಇಐಎಫ್4ಇ ಎಂಬ ಪ್ರೋಟೀನ್ ಅದೇ ಕ್ಯಾಪನ್ನು ಹಿಡಿದು ಪ್ರೋಟೀನ್ ತಯಾರಿಸುವ ರೈಬೋಸೋಮನ್ನು ಕರೆಸುತ್ತದೆ. ಕೊನೆಗೆ ಡಿಸಿಪಿ2 ಎಂಬ ಕಿಣ್ವ ಕ್ಯಾಪನ್ನು ಕಿತ್ತ ಮೇಲೆ ಎಕ್ಸ್‌ಆರ್‌ಎನ್1 ಆರ್‌ಎನ್‌ಎಯನ್ನು ತಿನ್ನುತ್ತದೆ. ಎಮ್‌ಆರ್‌ಎನ್‌ಎ ಅಂದರೆ ಪ್ರೋಟೀನ್ ಮಾಡಲು ಸಂದೇಶ ಒಯ್ಯುವ ಆರ್‌ಎನ್‌ಎ. ಅದರ ಹುಟ್ಟು, ಕೆಲಸ, ಸಾವು ಮೂರರಲ್ಲೂ ಕ್ಯಾಪ್ ಇದೆ.

ವೈರಸ್‌ಗಳಿಗೆ ಕ್ಯಾಪ್ ಎಲ್ಲಿಂದ ಬರುತ್ತದೆ?

ಕೆಲವು ತಾವೇ ಮಾಡಿಕೊಳ್ಳುತ್ತವೆ. ಕೋವಿಡ್ ತಂದ ಸಾರ್ಸ್-ಕೋವಿ-2 ವೈರಸ್ಸಿಗೆ ತನ್ನದೇ ಮೀಥೈಲ್ ಸೇರಿಸುವ ಕಿಣ್ವಗಳಿವೆ, ಎನ್‌ಎಸ್‌ಪಿ14 ಒಂದು, ಎನ್‌ಎಸ್‌ಪಿ16 ಇನ್ನೊಂದು. ಎರಡನೆಯದರ ಕೆಲಸ ಕ್ಯಾಪ್-1 ಮಾಡುವುದು, ಅಂದರೆ ಮೇಲೆ ಹೇಳಿದ ಕಾವಲಿನಿಂದ ತಪ್ಪಿಸಿಕೊಳ್ಳುವುದು.

ಇನ್‌ಫ್ಲುಯೆಂಜಾ ವೈರಸ್ ಮಾತ್ರ ಕದಿಯುತ್ತದೆ. ಅದರ ಪಿಬಿ2 ಪ್ರೋಟೀನ್ ನಮ್ಮ ಆರ್‌ಎನ್‌ಎಯ ಕ್ಯಾಪನ್ನು ಹಿಡಿಯುತ್ತದೆ, ಪಿಎ ಪ್ರೋಟೀನ್ ಅಲ್ಲಿಂದ ಸುಮಾರು 10–13 ಅಕ್ಷರ ಆಚೆ ಕತ್ತರಿಸುತ್ತದೆ, ಆ ತುಂಡನ್ನೇ ಆರಂಭ ಮಾಡಿಕೊಂಡು ವೈರಸ್ ತನ್ನ ಎಮ್‌ಆರ್‌ಎನ್‌ಎ ಬರೆಯುತ್ತದೆ. ಈ ಕತ್ತರಿಯನ್ನೇ ತಡೆಯುವ ಬಲೋಕ್ಸಾವಿರ್ ಎಂಬ ಔಷಧಿಗೆ 2018ರಲ್ಲಿ ಜಪಾನ್ ಮತ್ತು ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಪೋಲಿಯೋ ವೈರಸ್ ಇನ್ನೊಂದು ದಾರಿ ಹಿಡಿಯುತ್ತದೆ. ಅದಕ್ಕೆ ಕ್ಯಾಪ್ ಬೇಕಾಗಿಲ್ಲ, ತುದಿಯಲ್ಲಿ ಒಂದು ಪುಟ್ಟ ಪ್ರೋಟೀನ್ ಅಂಟಿಸಿಕೊಂಡು ಹುಟ್ಟುತ್ತದೆ. ಮೇಲಿಂದ ಕೋಶದ ಕ್ಯಾಪ್ ಓದುವ ವ್ಯವಸ್ಥೆಯನ್ನೇ ಕತ್ತರಿಸಿ, ರೈಬೋಸೋಮುಗಳು ತನ್ನ ಕಡೆ ಬರುವಂತೆ ಮಾಡುತ್ತದೆ.

3 ಪ್ರೈಮ್ ತುದಿ ಅಂದರೆ ಪಾಲಿಮರೇಸ್ ನಿಂತ ಜಾಗನಾ?

ಅಲ್ಲ. ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ನಮ್ಮ ಎಮ್‌ಆರ್‌ಎನ್‌ಎಗಳ 3 ಪ್ರೈಮ್ ತುದಿ ತಾನಾಗಿ ಸಿಗುವುದಲ್ಲ, ಕತ್ತರಿಸಿ ಮಾಡಿದ್ದು. ಪಾಲಿಮರೇಸ್ ವಂಶವಾಹಿಯ ಕೊನೆ ದಾಟಿ ನೂರಾರು, ಎಷ್ಟೋ ಸಲ ಸಾವಿರಾರು ಅಕ್ಷರ ಮುಂದೆ ಹೋಗಿಬಿಡುತ್ತದೆ. ಅದು ಓಡುತ್ತಿರುವಾಗಲೇ ಹಿಂದಿನಿಂದ ಆರ್‌ಎನ್‌ಎಗೆ ಕತ್ತರಿ ಬೀಳುತ್ತದೆ. ಬಾಲ ಸೇರುವುದು ಆ ಕತ್ತರಿಸಿದ ತುದಿಗೆ.

ಎಲ್ಲಿ ಕತ್ತರಿಸಬೇಕು ಅಂತ ಹೇಳುವ ಗುರುತು ಆರ್‌ಎನ್‌ಎಯಲ್ಲೇ ಬರೆದಿದೆ: ಎ-ಎ-ಯು-ಎ-ಎ-ಎ. 1976ರಲ್ಲಿ ಕೇಂಬ್ರಿಜ್‌ನಲ್ಲಿ ನಿಕ್ ಪ್ರೌಡ್‌ಫುಟ್ ಮತ್ತು ಜಾರ್ಜ್ ಬ್ರೌನ್‌ಲೀ ಬೇರೆ ಬೇರೆ ಎಮ್‌ಆರ್‌ಎನ್‌ಎಗಳ ಕೊನೆಯ ಭಾಗಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಈ ಆರು ಅಕ್ಷರ ಎಲ್ಲದರಲ್ಲೂ ಕಂಡವು. ಆಗ ಸೀಕ್ವೆನ್ಸಿಂಗ್ ಎಷ್ಟು ಕಷ್ಟದ ಕೆಲಸ ಆಗಿತ್ತು ಅಂತ ಯೋಚಿಸಿ, ಕೈಯಲ್ಲಿ ಇದ್ದದ್ದು ಬೆರಳೆಣಿಕೆಯಷ್ಟು ಆರ್‌ಎನ್‌ಎ. ಆದರೂ ಅವರು ಗುರುತಿಸಿದ್ದು ಇವತ್ತಿಗೂ ನಿಂತಿದೆ.

ಈ ಆರು ಅಕ್ಷರದಿಂದ ಸುಮಾರು 10ರಿಂದ 30 ಅಕ್ಷರ ಮುಂದೆ ಕತ್ತರಿ ಬೀಳುತ್ತದೆ. ಅದಕ್ಕಿಂತ ಮುಂದೆ ಯು ಅಥವಾ ಜಿ-ಯು ಜಾಸ್ತಿ ಇರುವ ಇನ್ನೊಂದು ಗುರುತು ಇರುತ್ತದೆ. ಸಿಪಿಎಸ್‌ಎಫ್ ಎಂಬ ಪ್ರೋಟೀನ್ ಗುಂಪು ಮೊದಲನೆಯದನ್ನು ಹಿಡಿಯುತ್ತದೆ, ಸಿಎಸ್‌ಟಿಎಫ್ ಎಂಬುದು ಎರಡನೆಯದನ್ನು. ಎರಡೂ ಕಡೆ ಹಿಡಿತ ಸಿಕ್ಕಿದ ಮೇಲೇ ಕೆಲಸ ಮುಂದುವರಿಯುವುದು. ಆರು ಅಕ್ಷರ ಸುಮ್ನೆ ಆಕಸ್ಮಿಕವಾಗಿಯೂ ಎಲ್ಲೆಲ್ಲೋ ಬರುತ್ತವೆ, ಅಲ್ಲೆಲ್ಲ ಕತ್ತರಿಸಿದರೆ ಕೋಶ ಉಳಿಯುವುದಿಲ್ಲ, ಹಾಗಾಗಿ ಒಂದಕ್ಕಿಂತ ಹೆಚ್ಚು ಗುರುತು ಬೇಕೇ ಬೇಕು.

ಈ ಗುಂಪಿನೊಳಗೆ ನಿಜವಾದ ಕತ್ತರಿ ಯಾವುದು ಎಂಬುದು ಬಹಳ ವರ್ಷ ಗೊತ್ತಿರಲಿಲ್ಲ. ಅದು ಸಿಪಿಎಸ್‌ಎಫ್73 ಎಂಬ ಒಂದು ಪ್ರೋಟೀನ್, ಸತುವಿನ ಅಯಾನುಗಳನ್ನು ಹಿಡಿದುಕೊಂಡು ಆರ್‌ಎನ್‌ಎಯನ್ನು ತುಂಡು ಮಾಡುತ್ತದೆ. ಅದರ ರಚನೆ 2006ರಲ್ಲಿ ಹೊರಬಂತು.

ಕತ್ತರಿಸಿದ ಕೂಡಲೇ ಪಾಲಿ-ಎ ಪಾಲಿಮರೇಸ್ ಎಂಬ ಕಿಣ್ವ ಒಂದಾದ ಮೇಲೆ ಒಂದು ಎ ಸೇರಿಸುತ್ತಾ ಹೋಗುತ್ತದೆ. ಮೊದಲ ಕೆಲವು ಅಕ್ಷರ ನಿಧಾನ. ಆಮೇಲೆ ಪಿಎಬಿಪಿಎನ್1 ಎಂಬ ಪ್ರೋಟೀನ್ ಬಂದು ಬಾಲವನ್ನು ಹಿಡಿದುಕೊಂಡರೆ ವೇಗ ಬರುತ್ತದೆ, ಸುಮಾರು 250ರ ಹತ್ತಿರ ಬಂದಾಗ ಆ ವೇಗ ಬಿದ್ದುಹೋಗುತ್ತದೆ.

ಸರಿ, ಮುಂದೆ ಓಡಿಹೋದ ಪಾಲಿಮರೇಸ್ ಕಥೆ ಏನು?

ಅದು ಇನ್ನೂ ಆರ್‌ಎನ್‌ಎ ಬರೆಯುತ್ತಲೇ ಇರುತ್ತದೆ, ಆದರೆ ಆ ಹೊಸ ತುಂಡಿನ 5 ಪ್ರೈಮ್ ತುದಿಗೆ ಕ್ಯಾಪ್ ಇಲ್ಲ. ಎಕ್ಸ್‌ಆರ್‌ಎನ್2 ಎಂಬ ಇನ್ನೊಂದು ತಿನ್ನುವ ಕಿಣ್ವ ಆ ಬರಿ ತುದಿಯಿಂದ ತಿನ್ನಲು ಶುರು ಮಾಡಿ ಪಾಲಿಮರೇಸನ್ನು ಅಟ್ಟಿಸಿಕೊಂಡು ಹೋಗುತ್ತದೆ. ಕತ್ತರಿ ಬಿದ್ದ ಮೇಲೆ ಪಾಲಿಮರೇಸ್ ಕೂಡ ನಿಧಾನವಾಗುತ್ತದೆ. ಕಿಣ್ವ ಬಂದು ಮುಟ್ಟಿದಾಗ ಪಾಲಿಮರೇಸ್ ಡಿಎನ್‌ಎ ಬಿಟ್ಟು ಕಳಚಿಕೊಳ್ಳುತ್ತದೆ. ಇದಕ್ಕೆ ಟಾರ್ಪಿಡೊ ಮಾದರಿ ಅಂತ ಹೆಸರು. 2004ರಲ್ಲಿ ಯೀಸ್ಟ್‌ನಲ್ಲೂ ಮನುಷ್ಯರ ಕೋಶದಲ್ಲೂ ಇದಕ್ಕೆ ಗಟ್ಟಿ ಪುರಾವೆ ಸಿಕ್ಕಿತು.

ಬಾಲದ 200 ಎಗಳು ಡಿಎನ್‌ಎಯಲ್ಲಿ ಬರೆದಿವೆಯಾ?

ಇಲ್ಲ. ಡಿಎನ್‌ಎ ಎಂಬ ಅಚ್ಚು ನೋಡದೆ ಸೇರಿಸುವಂಥದ್ದು. ವಂಶವಾಹಿಯಲ್ಲಿ ಹುಡುಕಿದರೆ ಎಗೆ ಜೋಡಿಯಾಗುವ ಟಿಗಳ ಉದ್ದನೆಯ ಸಾಲು ಕಾಣುವುದಿಲ್ಲ. ಹೀಗೆ ಎ ಸೇರಿಸುವ ಕಿಣ್ವವನ್ನು ಮೇರಿ ಎಡ್ಮಂಡ್ಸ್ 1960ರಲ್ಲೇ ಕರುವಿನ ಥೈಮಸ್ ಗ್ರಂಥಿಯಲ್ಲಿ ಕಂಡಿದ್ದರು. ಅದು ಯಾಕೆ ಇದೆ ಅಂತ ಆಗ ಯಾರಿಗೂ ಅರ್ಥವಾಗಲಿಲ್ಲ. 1971ರಲ್ಲಿ ಎಮ್‌ಆರ್‌ಎನ್‌ಎಗೆ ಎ ಬಾಲ ಇದೆ ಅಂತ ಅವರದ್ದೂ ಸೇರಿ ಮೂರು ಗುಂಪುಗಳು ತೋರಿಸಿದ ಮೇಲೆ ಆ ಕಿಣ್ವಕ್ಕೆ ಅರ್ಥ ಬಂತು.

ಮೈಟೋಕಾಂಡ್ರಿಯಾದಲ್ಲಿ ಒಂದು ಚಂದದ ಸಂಗತಿ ಇದೆ. ನಮ್ಮ ಮೈಟೋಕಾಂಡ್ರಿಯಾದ ಕೆಲವು ವಂಶವಾಹಿಗಳು ಯು ಅಥವಾ ಯು-ಎ ಅಕ್ಷರಕ್ಕೇ ಮುಗಿದುಹೋಗುತ್ತವೆ, ಪ್ರೋಟೀನ್ ಇಲ್ಲಿಗೆ ನಿಲ್ಲಿಸು ಅನ್ನುವ ಮೂರಕ್ಷರದ ಸ್ಟಾಪ್ ಕೋಡಾನ್ ಪೂರ್ತಿ ಇಲ್ಲ. ಬಾಲದ ಎಗಳು ಸೇರಿದ ಮೇಲೆ ಅದು ಯು-ಎ-ಎ ಆಗುತ್ತದೆ. ಬಾಲ ಇಲ್ಲದೆ ಆ ವಾಕ್ಯಕ್ಕೆ ಪೂರ್ಣವಿರಾಮವೇ ಇಲ್ಲ.

ಬಾಲ ಉದ್ದ ಇದ್ದಷ್ಟೂ ಒಳ್ಳೆಯದಾ?

ನೇರವಾಗಿ ಹೌದು ಅನ್ನಲು ಬರುವುದಿಲ್ಲ. ಪ್ರಾಣಿ ಕೋಶಗಳಲ್ಲಿ ಹುಟ್ಟುವಾಗ ಸುಮಾರು 200–250, ಯೀಸ್ಟ್‌ನಲ್ಲಿ ಸುಮಾರು 70. ಹೊರಗೆ ಬಂದ ಮೇಲೆ ಪ್ಯಾನ್2–ಪ್ಯಾನ್3 ಮತ್ತು ಸಿಸಿಆರ್4–ನಾಟ್ ಎಂಬ ಕಿಣ್ವ ಗುಂಪುಗಳು ಅದನ್ನು ಮೆಲ್ಲಗೆ ಸವೆಸುತ್ತವೆ. ಹಾಗಾಗಿ ಒಂದು ಕ್ಷಣದಲ್ಲಿ ಕೋಶದೊಳಗಿನ ಬಾಲಗಳನ್ನು ಅಳೆದರೆ ಬಹಳಷ್ಟು 100ಕ್ಕಿಂತ ಚಿಕ್ಕದಾಗಿ ಸಿಗುತ್ತವೆ. ಬಾಲ ತೀರಾ ಚಿಕ್ಕದಾದರೆ ಅದನ್ನು ಹಿಡಿಯುವ ಪ್ರೋಟೀನ್‌ಗಳು ಬಿಟ್ಟುಹೋಗುತ್ತವೆ, ಕ್ಯಾಪ್ ಕಳಚುತ್ತದೆ, ಆರ್‌ಎನ್‌ಎ ನಾಶವಾಗುತ್ತದೆ. ಹಾಗಾಗಿ ಒಂದು ತುದಿಗೆ ಏನಾಯಿತು ಎಂಬುದು ಇನ್ನೊಂದು ತುದಿಯನ್ನೂ ತಟ್ಟುತ್ತದೆ.

ಉದ್ದ ನಿಜವಾಗಿ ಲೆಕ್ಕಕ್ಕೆ ಬರುವುದು ಅಂಡಾಣುವಿನಲ್ಲಿ. ಅಲ್ಲಿ ಎಷ್ಟೋ ಎಮ್‌ಆರ್‌ಎನ್‌ಎಗಳನ್ನು ಚಿಕ್ಕ ಬಾಲ ಇಟ್ಟು ಸುಮ್ಮನೆ ಕೂರಿಸಿರುತ್ತಾರೆ. ಸಮಯ ಬಂದಾಗ ಸೈಟೋಪ್ಲಾಸಮ್ಮಿನಲ್ಲೇ ಬಾಲ ಉದ್ದವಾಗುತ್ತದೆ, ಪ್ರೋಟೀನ್ ತಯಾರಿ ಶುರುವಾಗುತ್ತದೆ. ಕಪ್ಪೆಯ ಅಂಡಾಣುಗಳಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ.

ಒಂದು ವಂಶವಾಹಿಗೆ ಒಂದೇ ಕೊನೆನಾ?

ಮನುಷ್ಯರ ಅರ್ಧಕ್ಕೂ ಜಾಸ್ತಿ ವಂಶವಾಹಿಗಳಲ್ಲಿ ಒಂದಕ್ಕಿಂತ ಹೆಚ್ಚು ಕತ್ತರಿ ಜಾಗಗಳಿವೆ. ಪ್ರತಿಕಾಯ ಮಾಡುವ ಬಿ ಕೋಶ ಇದಕ್ಕೆ ಹಳೆಯ, ಒಳ್ಳೆಯ ಉದಾಹರಣೆ. ಐಜಿಎಂ ವಂಶವಾಹಿಯನ್ನು ದೂರದ ಜಾಗದಲ್ಲಿ ಕತ್ತರಿಸಿದರೆ ಪ್ರತಿಕಾಯ ಕೋಶದ ಪೊರೆಗೆ ಅಂಟಿಕೊಂಡು ನಿಲ್ಲುತ್ತದೆ, ಹತ್ತಿರದ ಜಾಗದಲ್ಲಿ ಕತ್ತರಿಸಿದರೆ ರಕ್ತಕ್ಕೆ ಹರಿಯುತ್ತದೆ. ಸೋಂಕು ಬಂದಾಗ ಕೋಶ ಹತ್ತಿರದ ಕತ್ತರಿಯ ಕಡೆ ವಾಲುತ್ತದೆ. ಡಿಎನ್‌ಎ ಬದಲಾಗಲಿಲ್ಲ, ಕೊನೆ ಮಾತ್ರ ಬದಲಾಯಿತು.

ವೇಗವಾಗಿ ವಿಭಜನೆಯಾಗುವ ಕೋಶಗಳು ಹತ್ತಿರದ ಜಾಗಗಳನ್ನೇ ಜಾಸ್ತಿ ಬಳಸುತ್ತವೆ ಎಂಬುದೂ 2008ರಲ್ಲಿ ಗೊತ್ತಾಯಿತು. ಆಗ ಎಮ್‌ಆರ್‌ಎನ್‌ಎಯನ್ನು ಅಡಗಿಸುವ ಪುಟ್ಟ ಮೈಕ್ರೋ ಆರ್‌ಎನ್‌ಎಗಳು ಬಂದು ಕೂರುವ ಜಾಗಗಳು ಕತ್ತರಿಸಿ ಹೋಗುತ್ತವೆ, ಅವುಗಳ ಹಿಡಿತ ತಪ್ಪುತ್ತದೆ. ಕ್ಯಾನ್ಸರ್ ನೋಡುವವರಿಗೆ ಈ ವಿಷಯದಲ್ಲಿ ಆಸಕ್ತಿ ಬಂದದ್ದು ಇದರಿಂದ.

ಬಾಲವೇ ಇಲ್ಲದ ಎಮ್‌ಆರ್‌ಎನ್‌ಎ ಇದೆಯಾ?

ಇದೆ, ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಪ್ರೋಟೀನ್‌ಗಳದ್ದು. ಡಿಎನ್‌ಎ ನಕಲಾಗುವ ಹೊತ್ತಿನಲ್ಲಿ ರಾಶಿ ರಾಶಿ ಹಿಸ್ಟೋನ್ ಬೇಕು, ಅದು ಮುಗಿದ ಕೂಡಲೇ ಬೇಡ. ಹಾಗಾಗಿ ಇವುಗಳ ಕೊನೆಯಲ್ಲಿ ಎ ಬಾಲದ ಬದಲು ಆರ್‌ಎನ್‌ಎ ತನ್ನ ಮೇಲೇ ಮಡಚಿಕೊಂಡ ಒಂದು ಕುಣಿಕೆ ಇರುತ್ತದೆ. ಯು7 ಎಂಬ ಪುಟ್ಟ ಆರ್‌ಎನ್‌ಎ ಅಕ್ಷರ ಹೊಂದಿಸಿ ಜಾಗ ತೋರಿಸುತ್ತದೆ. ಕತ್ತರಿ ಮಾತ್ರ ಅದೇ ಸಿಪಿಎಸ್‌ಎಫ್73.

ಟಿಆರ್‌ಎನ್‌ಎಗೂ ತುದಿ ಕೆಲಸ ಇದೆಯಾ?

ಇದೆ, ಮತ್ತು ವಿಜ್ಞಾನದ ಇತಿಹಾಸದಲ್ಲಿ ಅದಕ್ಕೆ ದೊಡ್ಡ ಜಾಗ ಇದೆ. ಟಿಆರ್‌ಎನ್‌ಎ ಅಂದರೆ ಅಮೈನೋ ಆಮ್ಲವನ್ನು ರೈಬೋಸೋಮಿಗೆ ಹೊತ್ತು ತರುವ ಆರ್‌ಎನ್‌ಎ. ಅದು ಹುಟ್ಟುವಾಗ ಎರಡೂ ಕಡೆ ಬೇಡದ ಉದ್ದ ಇರುತ್ತದೆ. 5 ಪ್ರೈಮ್ ಕಡೆಯ ಹೆಚ್ಚುವರಿಯನ್ನು ಕತ್ತರಿಸುವುದು ಆರ್‌ಎನ್‌ಎಸ್ ಪಿ. ಸಿಡ್ನಿ ಆಲ್ಟ್‌ಮನ್ ಇದನ್ನು ನೋಡುತ್ತಾ ಹೋದಾಗ ಬ್ಯಾಕ್ಟೀರಿಯಾದಲ್ಲಿ ಕತ್ತರಿಸುವ ಕೆಲಸ ಮಾಡುತ್ತಿದ್ದದ್ದು ಅದರ ಪ್ರೋಟೀನ್ ಭಾಗ ಅಲ್ಲ, ಆರ್‌ಎನ್‌ಎ ಭಾಗ ಅಂತ 1983ರಲ್ಲಿ ಗೊತ್ತಾಯಿತು. ಕಿಣ್ವ ಅಂದರೆ ಪ್ರೋಟೀನೇ ಅಂತ ನಂಬಿದ್ದ ಕಾಲ ಅದು. 1989ರಲ್ಲಿ ಆಲ್ಟ್‌ಮನ್ ಮತ್ತು ಆರ್‌ಎನ್‌ಎಯ ಇಂಥದ್ದೇ ಕೆಲಸವನ್ನು ಬೇರೆಯಾಗಿ ಕಂಡಿದ್ದ ಥಾಮಸ್ ಚೆಕ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

3 ಪ್ರೈಮ್ ಕಡೆ ಆರ್‌ಎನ್‌ಎಸ್ ಝಡ್ ಕತ್ತರಿಸುತ್ತದೆ. ಆಮೇಲೆ ಇನ್ನೊಂದು ಕಿಣ್ವ ಸಿ-ಸಿ-ಎ ಎಂಬ ಮೂರು ಅಕ್ಷರ ಸೇರಿಸುತ್ತದೆ, ಅದೂ ಅಚ್ಚಿಲ್ಲದೆ. ಅಮೈನೋ ಆಮ್ಲ ಅಂಟಿಕೊಳ್ಳುವುದು ಆ ಕೊನೆಯ ಎಗೆ. ನಮ್ಮ ದೇಹದ ಪ್ರತಿಯೊಂದು ಪ್ರೋಟೀನಿನ ಪ್ರತಿಯೊಂದು ಅಮೈನೋ ಆಮ್ಲವೂ ಈ ಸಿ-ಸಿ-ಎ ತುದಿಯ ಮೇಲೆ ಕೂತೇ ರೈಬೋಸೋಮಿಗೆ ಬಂದದ್ದು.

ಬ್ಯಾಕ್ಟೀರಿಯಾದಲ್ಲಿ?

ಅಲ್ಲಿ ನಮ್ಮಂಥ ಕ್ಯಾಪ್ ಇಲ್ಲ. ಎ ಬಾಲ ಸ್ವಲ್ಪ ಇರುತ್ತದೆ, ಆದರೆ ಕೆಲಸ ಉಲ್ಟಾ: ಬಾಲ ಸೇರಿದ ಆರ್‌ಎನ್‌ಎ ಬೇಗ ನಾಶವಾಗುತ್ತದೆ. ಕೆಲವು ಆರ್‌ಎನ್‌ಎಗಳ 5 ಪ್ರೈಮ್ ತುದಿಯಲ್ಲಿ ಎನ್‌ಎಡಿ ಎಂಬ ಸಹಕಿಣ್ವದ ಅಣು ಕೂತಿರುವುದನ್ನು 2009ರಲ್ಲಿ ಕಂಡರು.

ತುದಿ ಕೆಟ್ಟರೆ ಕಾಯಿಲೆ ಬರುತ್ತದಾ?

ಬರುತ್ತದೆ. ಹಿಮೋಗ್ಲೋಬಿನ್ ಕೊರತೆಯ ಆನುವಂಶಿಕ ಕಾಯಿಲೆ ಥಲಸ್ಸೀಮಿಯಾ ನೋಡಿ. ಹಿಮೋಗ್ಲೋಬಿನ್ನಿನ ಪ್ರೋಟೀನ್ ಬರೆಯುವ ಭಾಗ ಪೂರ್ತಿ ಸರಿ ಇದ್ದು, ಕೊನೆಯ ಆ ಆರು ಅಕ್ಷರದಲ್ಲಿ ಒಂದು ತಪ್ಪಿದರೂ ಸಾಕು. ಗುರುತು ಸಿಗದೆ ಕತ್ತರಿ ಸರಿಯಾಗಿ ಬೀಳುವುದಿಲ್ಲ, ಗ್ಲೋಬಿನ್ ಕಡಿಮೆಯಾಗುತ್ತದೆ. ಆಲ್ಫಾ ಗ್ಲೋಬಿನ್ನಿನಲ್ಲಿ 1983ರಲ್ಲಿ, ಬೀಟಾ ಗ್ಲೋಬಿನ್ನಿನಲ್ಲಿ 1985ರಲ್ಲಿ ಇಂಥ ಬದಲಾವಣೆ ಸಿಕ್ಕಿತು. ಭಾರತೀಯ ಮೂಲದವರಲ್ಲಿ ಆಲ್ಫಾ-2 ಗ್ಲೋಬಿನ್ನಿನ ಇದೇ ಗುರುತಿನ ಕೊನೆಯ ಎರಡು ಎ ಅಳಿಸಿಹೋಗಿರುವುದನ್ನು 1994ರಲ್ಲಿ ವರದಿ ಮಾಡಿದ್ದಾರೆ. ಥಲಸ್ಸೀಮಿಯಾ ಇರುವವರಲ್ಲಿ ಹೆಚ್ಚಿನವರ ಕಾರಣ ಇದಲ್ಲ, ಬೇರೆ ಬದಲಾವಣೆಗಳೇ ಜಾಸ್ತಿ. ಆದರೂ ಪರೀಕ್ಷೆ ಮಾಡುವಾಗ ಪ್ರೋಟೀನ್ ಭಾಗ ಮಾತ್ರ ಓದಿದರೆ ಇಂಥದ್ದು ಕಣ್ಣಿಗೆ ಬೀಳುವುದಿಲ್ಲ. ಈ ಮಾತನ್ನು ಜೆನೆಟಿಕ್ ವರದಿ ಓದುವ ಪ್ರತಿಯೊಬ್ಬರೂ ತಿಳಿದಿರಬೇಕು ಅಂತ ನನ್ನ ಅನಿಸಿಕೆ.

ತುದಿಯ ಕೆಲಸ ಅತಿಯಾಗಿ ಚೆನ್ನಾಗಿ ನಡೆದರೂ ತೊಂದರೆ. ರಕ್ತ ಹೆಪ್ಪುಗಟ್ಟಿಸುವ ಪ್ರೋಥ್ರಾಂಬಿನ್ ವಂಶವಾಹಿಯಲ್ಲಿ 20210ನೇ ಅಕ್ಷರ ಜಿ ಇದ್ದದ್ದು ಎ ಆದರೆ, ಕತ್ತರಿ ಬೀಳುವ ಜಾಗವೇ ಇನ್ನಷ್ಟು ಅನುಕೂಲವಾಗಿ, ಪ್ರೋಥ್ರಾಂಬಿನ್ ಜಾಸ್ತಿ ತಯಾರಾಗಿ, ರಕ್ತನಾಳದಲ್ಲಿ ಗರಣೆ ಕಟ್ಟುವ ಅಪಾಯ ಏರುತ್ತದೆ. 1996ರಲ್ಲಿ ಗೊತ್ತಾದ ಇದು ಯೂರೋಪ್ ಮೂಲದವರಲ್ಲಿ ಜಾಸ್ತಿ ಕಾಣುತ್ತದೆ.

ಬಾಲ ಹಿಡಿಯುವ ಪಿಎಬಿಪಿಎನ್1 ಪ್ರೋಟೀನಿನಲ್ಲಿ ಅಲನೀನ್‌ಗಳ ಸಾಲು ಸ್ವಲ್ಪ ಉದ್ದವಾದರೆ ನಡುವಯಸ್ಸಿನ ಮೇಲೆ ಕಣ್ಣಿನ ರೆಪ್ಪೆ ಜೋತುಬೀಳುವ, ನುಂಗಲು ಕಷ್ಟವಾಗುವ ಒಂದು ಸ್ನಾಯು ಕಾಯಿಲೆ ಬರುತ್ತದೆ. ದೇಹದ ಎಲ್ಲ ಕೋಶಗಳಲ್ಲೂ ಇರುವ ಪ್ರೋಟೀನ್ ಕೆಟ್ಟರೆ ಮುಖ್ಯವಾಗಿ ಕೆಲವು ಸ್ನಾಯುಗಳೇ ಯಾಕೆ ಸೋಲುತ್ತವೆ ಎಂಬುದರ ಮೇಲೆ ಇನ್ನೂ ಕೆಲಸ ನಡೆಯುತ್ತಿದೆ.

ಔಷಧಿ, ಲಸಿಕೆಗೆ ಇದರಿಂದ ಏನಾದರೂ ಸಿಕ್ಕಿದೆಯಾ?

ಬಹಳ. ಆಫ್ರಿಕಾದ ನಿದ್ರಾ ರೋಗಕ್ಕೆ ಅಕೋಜಿಬೊರೋಲ್ ಎಂಬ ಮಾತ್ರೆಗಳಿವೆ, ಒಂದೇ ಸಲ ನುಂಗುವ ಚಿಕಿತ್ಸೆ. ಹಿಂದೆ ಇದೇ ಕಾಯಿಲೆಗೆ ಆರ್ಸೆನಿಕ್ ಇರುವ ಇಂಜೆಕ್ಷನ್ ಕೊಡುತ್ತಿದ್ದರು, ಅದರಿಂದಲೇ ರೋಗಿಗಳು ಸಾಯುತ್ತಿದ್ದರು. ಈ ಹೊಸ ಔಷಧಿ ತಡೆಯುವುದು ಪರಾವಲಂಬಿಯ ಸಿಪಿಎಸ್‌ಎಫ್73ನ್ನು, ಅಂದರೆ ಅದರ ಕತ್ತರಿಯನ್ನು. ಕತ್ತರಿ ನಿಂತರೆ ಅದರ ಎಮ್‌ಆರ್‌ಎನ್‌ಎ ತಯಾರಿ ನಿಲ್ಲುತ್ತದೆ. ತುದಿಯ ವಿಜ್ಞಾನ ಸುಮ್ನೆ ಪುಸ್ತಕದ ವಿಷಯ ಅನ್ನುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಇನ್ನು ಎಮ್‌ಆರ್‌ಎನ್‌ಎ ಲಸಿಕೆಗಳು. ಅವುಗಳ ಆರ್‌ಎನ್‌ಎಗೆ ಕ್ಯಾಪ್ ಇಲ್ಲದಿದ್ದರೆ ಪ್ರೋಟೀನ್ ಆಗುವುದಿಲ್ಲ, ಬಾಲ ಇಲ್ಲದಿದ್ದರೆ ಬಾಳುವುದಿಲ್ಲ. ಫೈಜರ್–ಬಯೋಎನ್‌ಟೆಕ್ ಕೋವಿಡ್ ಲಸಿಕೆಯಲ್ಲಿ ಕ್ಯಾಪ್-1 ಇದೆ. ಬಾಲದಲ್ಲಿ ಮೊದಲು 30 ಎ, ನಡುವೆ 10 ಬೇರೆ ಅಕ್ಷರ, ಆಮೇಲೆ 70 ಎ. ಒಂದೇ ಅಕ್ಷರದ ಉದ್ದ ಸಾಲು ಇದ್ದರೆ ಬ್ಯಾಕ್ಟೀರಿಯಾದಲ್ಲಿ ಅದರ ಡಿಎನ್‌ಎ ಅಚ್ಚು ಬೆಳೆಸುವಾಗ ಸಾಲು ಚಿಕ್ಕದಾಗುತ್ತಾ ಹೋಗುತ್ತದೆ, ನಡುವೆ ತುಂಡು ಮಾಡಿದರೆ ಆ ತೊಂದರೆ ಕಡಿಮೆ. ಇಲ್ಲಿ ಬಾಲ ಅಚ್ಚಿನಲ್ಲೇ ಬರೆದಿರುತ್ತದೆ ಎಂಬುದನ್ನೂ ಗಮನಿಸಿ, ಕೋಶದ ಪದ್ಧತಿಗಿಂತ ಇದು ಬೇರೆ.

ಪರೀಕ್ಷೆಯಲ್ಲಿ ಏನು ಬರೆಯಲಿ?

ಪುಸ್ತಕದಲ್ಲಿ ಇರುವುದನ್ನೇ ಬರೆಯಿರಿ: 5 ಪ್ರೈಮ್ ತುದಿಗೆ ಮೀಥೈಲ್ ಗ್ವಾನೋಸಿನ್ ಟ್ರೈಫಾಸ್ಫೇಟ್, 3 ಪ್ರೈಮ್ ತುದಿಗೆ 200–300 ಅಡೆನಿಲೇಟ್, ಅಚ್ಚಿಲ್ಲದೆ. ಅಂಕ ಸಿಗುತ್ತದೆ. ಜಾಗ ಇದ್ದರೆ ಕ್ಯಾಪ್ ನಕಲು ನಡೆಯುತ್ತಿರುವಾಗಲೇ ಬೀಳುತ್ತದೆ, ಬಾಲಕ್ಕೆ ಮೊದಲು ಕತ್ತರಿ ಬೀಳುತ್ತದೆ ಅಂತ ಎರಡು ಸಾಲು ಸೇರಿಸಿ.

ಲ್ಯಾಬಿನಲ್ಲಿ ಆಲಿಗೋ-ಡಿಟಿ ಬಳಸಿದರೆ ಎಲ್ಲ ಆರ್‌ಎನ್‌ಎ ಸಿಗುತ್ತದಾ?

ಸಿಗುವುದಿಲ್ಲ. ಆಲಿಗೋ-ಡಿಟಿ ಅಂದರೆ ಟಿ ಅಕ್ಷರಗಳ ಚಿಕ್ಕ ಸಾಲು, ಅದು ಎ ಬಾಲಕ್ಕೆ ಅಂಟುತ್ತದೆ. ಕೋಶದ ಆರ್‌ಎನ್‌ಎಯಲ್ಲಿ ಬಹುಪಾಲು ರೈಬೋಸೋಮಿನದ್ದು, ಅದನ್ನು ಬಿಟ್ಟು ಎಮ್‌ಆರ್‌ಎನ್‌ಎ ಮಾತ್ರ ಎತ್ತಿಕೊಳ್ಳಲು ಇದು ಒಳ್ಳೆಯ ದಾರಿ. ಆದರೆ ಹಿಸ್ಟೋನ್ ಎಮ್‌ಆರ್‌ಎನ್‌ಎ ಸಿಗುವುದಿಲ್ಲ, ಅದಕ್ಕೆ ಬಾಲ ಇಲ್ಲವಲ್ಲ. ಎರಡೂ ತುದಿ ಸೇರಿಕೊಂಡು ಉಂಗುರವಾದ ಆರ್‌ಎನ್‌ಎಗಳೂ ಸಿಗುವುದಿಲ್ಲ, ಅವಕ್ಕೆ ತುದಿಯೇ ಇಲ್ಲ. ಬ್ಯಾಕ್ಟೀರಿಯಾದ ಆರ್‌ಎನ್‌ಎಗಂತೂ ಈ ವಿಧಾನ ಬೇಡವೇ ಬೇಡ. ಇನ್ನೊಂದು ವಿಷಯ: ಆರ್‌ಎನ್‌ಎ ಮಧ್ಯದಲ್ಲಿ ಎಗಳ ಸಾಲು ಇದ್ದರೆ ಆಲಿಗೋ-ಡಿಟಿ ಅಲ್ಲೂ ಅಂಟಿಕೊಂಡು, ಇಲ್ಲದ ಕಡೆ ಕೊನೆ ಇದೆ ಅಂತ ಡೇಟಾದಲ್ಲಿ ತೋರಿಸುತ್ತದೆ. ಹೊಸ ಕತ್ತರಿ ಜಾಗ ಸಿಕ್ಕಿತು ಅನಿಸಿದರೆ ಮೊದಲು ಜೀನೋಮ್ ತೆಗೆದು ಆ ಜಾಗದಲ್ಲಿ ಎ ಸಾಲು ಇದೆಯಾ, ಅದರ ಹಿಂದೆ 10–30 ಅಕ್ಷರದೊಳಗೆ ಎ-ಎ-ಯು-ಎ-ಎ-ಎ ಅಥವಾ ಅದರ ಹತ್ತಿರದ ಎ-ಯು-ಯು-ಎ-ಎ-ಎ ಇದೆಯಾ ಅಂತ ನೋಡಿಕೊಳ್ಳಿ.